ತಡೆಗೋಡೆ ಇಲ್ಲದ ಮಾಳಿಗೆ



ಕಾವೇರಿ ದಂಡೆಯ ನಮ್ಮ ಶಿರಂಗಾಲದಲ್ಲಿ ಮನೆ ಕಟ್ಟುವವರಿಗೆಲ್ಲ ಒಂದೇ ಅವಸರ: ಮಳೆ ಹಿಡಿಯುವ ಮುನ್ನ ತಾರಸಿ ಆಗಬೇಕು. ಕಾಂಕ್ರೀಟ್ ಹಾಕುವ ದಿನ ಸಿಹಿ ಹಂಚಿ ದುಆ ಮಾಡಿಸುತ್ತೇವೆ. ಒಳ್ಳೆಯದೇ. ಆದರೆ ಬಾಣಲೆ ಹೊತ್ತು ಮೇಲೇರುವವನ ಕಾಲ ಕೆಳಗಿನ ಹಲಗೆ ಗಟ್ಟಿಯಾಗಿದೆಯೇ ಎಂದು ನೋಡುವವರು ಎಷ್ಟು ಮಂದಿ?

ಅವನು ಜಾರಿ ಬಿದ್ದರೆ, ‘ವಿಧಿ ಹಾಗಿತ್ತು’ ಎನ್ನುತ್ತೇವೆ. ಅಲ್ಲಾಹನ ವಿಧಿಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಹುಳುಕು ಹಿಡಿದ ಸಾರುವೆ ಮರವನ್ನು ತಂದು ನಿಲ್ಲಿಸಿದವರು ಯಾರು? ನಮ್ಮ ಜಿಪುಣತನಕ್ಕೆ ವಿಧಿಯ ಹೆಸರಿಡುವುದು ಈಮಾನ್ ಅಲ್ಲ. ಒಂಟೆಯನ್ನು ಮೊದಲು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದರು. ತಡೆಗೋಡೆ ಇಲ್ಲದ ಮಾಳಿಗೆಯಲ್ಲಿ ಮಲಗುವವನನ್ನೂ ಅವರು ಎಚ್ಚರಿಸಿದ್ದಾರೆ. ಮಲಗುವವನಿಗೇ ಅಷ್ಟು ಎಚ್ಚರ ಬೇಕಾದರೆ, ಅಂಚಿನಲ್ಲಿ ನಿಂತು ಇಟ್ಟಿಗೆ ಎತ್ತುವವನಿಗೆ ಎಷ್ಟು ಬೇಕು?

ಮದೀನಾದ ಮಸೀದಿ ಕಟ್ಟುವಾಗ ಪ್ರವಾದಿವರ್ಯರು(ಸ) ಸ್ವತಃ ಇಟ್ಟಿಗೆ ಹೊತ್ತರು. ಕೈಕೆಳಗಿನವರು ನಿಮ್ಮ ಸಹೋದರರು, ಅವರ ಮೇಲೆ ಶಕ್ತಿಮೀರಿದ ಭಾರ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂದು ಬೋಧಿಸಿದರು. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಅಲ್ಲಾಹನೇ ವಾದಿಯಾಗಿ ನಿಲ್ಲುವನು. ಕೂಲಿ ತಡೆದವನ ಗತಿಯೇ ಇದಾದರೆ, ಪ್ರಾಣವನ್ನೇ ಲಘುವಾಗಿ ಕಂಡವನ ಗತಿಯೇನು?

ಅವಸರ, ಅಲಕ್ಷ್ಯ ಹಳ್ಳಿಗೆ ಮಾತ್ರ ಸೀಮಿತವಲ್ಲ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ, ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಮಂದಿ ಅಸುನೀಗಿದರು. ಕಟ್ಟಡ ಕಾರ್ಮಿಕರ ಸುರಕ್ಷೆಗೆ 1996ರಲ್ಲೇ ದೇಶದಲ್ಲಿ ಕಾನೂನು ಬಂದಿತ್ತು. ಕಾನೂನು ಕಾಗದದಲ್ಲಿದ್ದರೆ ಸಾಲದು, ಕಟ್ಟಿಸುವವನ ಮನಸ್ಸಿನಲ್ಲಿ ಅಲ್ಲಾಹನ ಭಯವೂ ಇರಬೇಕು.

ಸಹೋದರ ಸಹೋದರಿಯರೇ, ನೀವು ಮನೆ ಕಟ್ಟಿಸುವುದಾದರೆ ಮೇಸ್ತ್ರಿಯೊಡನೆ ದರ ಮಾತಾಡುವ ದಿನವೇ ಹೆಲ್ಮೆಟ್, ಸೊಂಟದ ಬೆಲ್ಟು, ಗಟ್ಟಿ ಸಾರುವೆಯ ಮಾತನ್ನೂ ಆಡಿರಿ. ಕಾಂಕ್ರೀಟ್ ಬಲಿಯುವ ಮುನ್ನ ಸೆಂಟ್ರಿಂಗ್ ಬಿಚ್ಚಲು ಒತ್ತಾಯಿಸಬೇಡಿರಿ. ಊಟಕ್ಕೆ, ನಮಾಝಿಗೆ, ನೆರಳಿಗೆ ಬಿಡುವು ಕೊಡಿರಿ. ನೀವೇ ಗಾರೆ ಕೆಲಸದವರಾದರೆ ಬೆಲ್ಟು ಕಟ್ಟಲು ನಾಚಬೇಡಿರಿ. ನಿಮ್ಮ ಪ್ರಾಣ ನಿಮ್ಮಲ್ಲಿರುವ ಅಮಾನತ್ತು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಿ.

ಇಂದು ನಮ್ಮಲ್ಲಿ ದುಡಿಯುವವರಲ್ಲಿ ಅಸ್ಸಾಮ್, ಬಂಗಾಳದ ಹುಡುಗರೂ ಇದ್ದಾರೆ. ನಮ್ಮ ಮಕ್ಕಳು ಕೊಲ್ಲಿ ನಾಡುಗಳಲ್ಲಿ ಇಂತಹದೇ ಸಾರುವೆ ಏರುತ್ತಾರೆ. ಅಲ್ಲಿನ ಮಾಲಿಕನು ಅವರನ್ನು ಹೇಗೆ ಕಾಯಬೇಕೆಂದು ನಾವು ರಾತ್ರಿ ಕೈಯೆತ್ತಿ ಬೇಡುತ್ತೇವೋ, ಹಗಲು ನಮ್ಮ ಅಂಗಳದಲ್ಲಿ ದುಡಿಯುವವನನ್ನು ಹಾಗೆಯೇ ಕಾಯೋಣ. ಅಲ್ಲಾಹನು ನಮಗೆ ಅದರ ಸೌಭಾಗ್ಯ ಕರುಣಿಸಲಿ. ಆಮೀನ್.