ಎಲ್ಲರ ಸೊತ್ತು, ಯಾರ ಹೊಣೆ?

ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ ಎಂಬ ಮಾತನ್ನು ನಾವು ಆಗಾಗ ಆಡುತ್ತೇವೆ. ಊರ ಬಾವಿ, ಬಸ್ ತಂಗುದಾಣ, ಪೊರಂಬೋಕು ಜಾಗ ಇವುಗಳ ಅವಸ್ಥೆ ನೋಡಿದರೆ ಆ ಮಾತು ನಿಜವೆಂದೇ ತೋರುತ್ತದೆ. ಆ ಸೊತ್ತು ಒಂದು ಮರುಭೂಮಿಯಾದರಂತೂ ಕೇಳುವುದೇ ಬೇಡ. ಬೆಳೆಯಿಲ್ಲದ ಬಂಜರಲ್ಲವೇ, ಯಾರು ಏನು ಮಾಡಿದರೇನು? ಈ ಪ್ರಶ್ನೆಗೆ ಕಾನೂನಿನ ಮೂಲಕ ಉತ್ತರ ಹುಡುಕಲು ಹೊರಟ ಒಂದು ದೇಶದ ಅನುಭವ ನಮ್ಮ ವಿಚಾರಕ್ಕೂ ಒದಗುವಂತಿದೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೊಹಾವಿ ಮೊದಲಾದ ಮರುಭೂಮಿಗಳಿವೆ. 1976ರಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ಭೂಮಿಯ ಕುರಿತು ಕಾನೂನು ಮಾಡಿದಾಗ, ಸುಮಾರು 2.5 ಕೋಟಿ ಎಕರೆಯ ಈ ಪ್ರದೇಶವನ್ನು ಸಂರಕ್ಷಣಾ ಪ್ರದೇಶವೆಂದು ಗುರುತಿಸಿತು. ಅದರಲ್ಲಿ ಸುಮಾರು 1.2 ಕೋಟಿ ಎಕರೆ ಕೇಂದ್ರ ಸರಕಾರದ ಭೂ ನಿರ್ವಹಣಾ ಇಲಾಖೆಯ ಕೈಯಲ್ಲಿತ್ತು. 1980ರಲ್ಲಿ ಇಲಾಖೆ ಒಂದು ಯೋಜನೆಯನ್ನು ಸಿದ್ಧಪಡಿಸಿ, ಆ ಭೂಮಿಯ ಬಹುಪಾಲನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಕೆಲವೆಡೆ ಏನನ್ನೂ ಕಟ್ಟಕೂಡದು, ಕೆಲವೆಡೆ ಮಿತವಾದ ಬಳಕೆ, ಇನ್ನು ಕೆಲವೆಡೆ ಗಣಿಗಾರಿಕೆ, ವಾಹನ ಸಂಚಾರದಂತಹ ಹೆಚ್ಚಿನ ಬಳಕೆ.

ಬಂಜರಿಗೆ ಇಷ್ಟೆಲ್ಲ ಯಾಕೆ ಎನ್ನಬಹುದು. ಆದರೆ ಮರುಭೂಮಿಯಲ್ಲಿ ಗಾಯ ಬೇಗ ಮಾಯುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರ ವರೆಗೆ, ಅಲ್ಲಿ ಸೈನಿಕ ತರಬೇತಿ ನಡೆಯಿತು. ಆಗ ಟ್ಯಾಂಕುಗಳು ಹಾದುಹೋದ ಜಾಡು ಇಂದಿಗೂ ಕೆಲವೆಡೆ ಕಾಣುತ್ತದೆ. ಅಲ್ಲೇ ಬೆಳೆಯುವ ಕ್ರಿಯೊಸೋಟ್ ಎಂಬ ಪೊದೆಯ ಒಂದು ಬಳಗಕ್ಕೆ ಸುಮಾರು 11,700 ವರ್ಷ ವಯಸ್ಸೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ನಮ್ಮ ಪುರಾತನ ದೇವಾಲಯಗಳಿಗಿಂತಲೂ ಹಳೆಯದಾದ ಒಂದು ಜೀವ ನೋಡುವವರಿಗೆ ಬರೀ ಕುರುಚಲು! ನಮ್ಮಲ್ಲೂ ಬೇಸಗೆಯಲ್ಲಿ ಮುರಕಲ್ಲಿನ ಪದವನ್ನು ಕಂಡವರು ಅದನ್ನು ಬಂಜರೆನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ನೀಲಿ ಹೂ ಹಾಸುವುದನ್ನು ಕಂಡವರು ಹಾಗೆನ್ನಲಾರರು. ಬಂಜರು ಎಂಬುದು ಅನೇಕ ವೇಳೆ ಭೂಮಿಯ ಗುಣವಲ್ಲ, ನಮ್ಮ ದೃಷ್ಟಿಯ ಗುಣ.

ಬ್ಯಾಂಕಿನ ಗುಮಾಸ್ತನಾದ ನನಗೆ ಇಲ್ಲಿ ಅಪ್ರಾಪ್ತ ವಯಸ್ಕರ ಖಾತೆಯ ನೆನಪಾಗುತ್ತದೆ. ರುಜು ಹಾಕುವವರು ಪೋಷಕರು, ಹಣ ಮಾತ್ರ ಮಗುವಿನದು. ಮಗುವಿನ ಹಿತಕ್ಕಾಗಿ ಅದನ್ನು ತೆಗೆಯಬಹುದು, ತನ್ನ ಸಾಲ ತೀರಿಸಲು ತೆಗೆಯುವುದು ಅನ್ಯಾಯ. ಸಾರ್ವಜನಿಕ ಭೂಮಿಯ ವಿಷಯದಲ್ಲಿ ಸರಕಾರವೂ, ಇಂದು ಬದುಕಿರುವ ನಾವೂ ಇಂತಹ ಪೋಷಕರೇ. ಒಂದು ವ್ಯತ್ಯಾಸವೆಂದರೆ, ಈ ಖಾತೆಯ ಮಕ್ಕಳು ಇನ್ನೂ ಹುಟ್ಟಿಲ್ಲ. ಅವರು ಬಂದು ಲೆಕ್ಕ ಕೇಳುವಾಗ ನಾವಿರುವುದಿಲ್ಲ. ಆದ್ದರಿಂದಲೇ ನಮ್ಮ ಹೊಣೆ ಹೆಚ್ಚು.

ಆದರೆ ವಿಷಯ ಇಷ್ಟು ಸರಳವಲ್ಲ. 2014ರಲ್ಲಿ ಅದೇ ಮರುಭೂಮಿಯ ಇವಾನ್‌ಪಾ ಎಂಬಲ್ಲಿ ಸುಮಾರು 3,500 ಎಕರೆ ಸಾರ್ವಜನಿಕ ಭೂಮಿಯಲ್ಲಿ ಸೌರ ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು. ಅದು ಮರುಭೂಮಿಯ ಆಮೆಯ ನೆಲೆ. ಆ ಆಮೆ 1990ರಿಂದಲೂ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಲ್ಲಿದೆ. ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಕಾಯುತ್ತಿರುವಾಗ ಸೂರ್ಯನಿಂದ ವಿದ್ಯುತ್ ಪಡೆಯುವುದು ಹುಟ್ಟಲಿರುವ ಮಕ್ಕಳ ಹಿತಕ್ಕೇ ಅಲ್ಲವೇ? ಹೌದು. ಇಲ್ಲಿ ಒಳಿತಿಗೂ ಕೆಡುಕಿಗೂ ಜಗಳವಲ್ಲ, ಎರಡು ಒಳಿತುಗಳ ನಡುವೆ ಜಗಳ. ಇಂಥಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಕೆಟ್ಟದ್ದನ್ನು ಮತ್ತೆ ಸರಿಪಡಿಸಬಹುದೇ ಎಂಬುದು. ಎರಡನೆಯದು, ಈಗಾಗಲೇ ಕೆಟ್ಟ ನೆಲದಲ್ಲಿ, ಕಟ್ಟಡಗಳ ಮಾಡಿನ ಮೇಲೆ ಅದೇ ಕೆಲಸ ಆಗದೇ ಎಂಬುದು. 2016ರಲ್ಲಿ ಯೋಜನೆಯನ್ನು ತಿದ್ದಿದಾಗ ಸುಮಾರು 1.08 ಕೋಟಿ ಎಕರೆಯಲ್ಲಿ 3,88,000 ಎಕರೆಯನ್ನು ಇಂತಹ ವಿದ್ಯುತ್ ಉತ್ಪಾದನೆಗೆ ತಕ್ಕ ಜಾಗವೆಂದು ಗುರುತಿಸಿದರು. ಆ ಗೆರೆ ಸರಿಯೋ ತಪ್ಪೋ ಎಂದು ವಾದಿಸಬಹುದು. ಆದರೆ ಗೆರೆ ಎಳೆಯುವುದಕ್ಕೆ ಮುನ್ನ ನೆಲವನ್ನು ನೋಡಬೇಕೆಂಬ ತತ್ವ ಸರಿಯಾದುದೇ.

ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಎಲ್ಲರ ಸೊತ್ತು ಎನ್ನುವಾಗ ಈ 'ಎಲ್ಲರು' ಯಾರು? ಡೆತ್ ವ್ಯಾಲಿ ಎಂಬ ಕಣಿವೆಯನ್ನು 1933ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ ಘೋಷಿಸಿದಾಗ, ಅಲ್ಲಿ ತಲೆತಲಾಂತರದಿಂದ ಬಾಳಿದ ಟಿಂಬಿಷಾ ಶೊಶೋನಿ ಜನರಿಗೆ ತಮ್ಮದೆನ್ನಲು ನೆಲವೇ ಉಳಿಯಲಿಲ್ಲ. ಹೊರಗಿನವರು ಸಾವಿನ ಕಣಿವೆಯೆಂದು ಕರೆದದ್ದು ಅವರಿಗೆ ಮನೆಯಾಗಿತ್ತು. 2000ದಲ್ಲಿ ಕಾನೂನಿನ ಮೂಲಕ ಸುಮಾರು 7,750 ಎಕರೆ ಅವರಿಗೆ ಮರಳಿ ದೊರೆಯಿತು. ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ಸಾರ್ವಜನಿಕರ ಹೆಸರಿನಲ್ಲೇ ಸಾರ್ವಜನಿಕರಲ್ಲಿ ಕೆಲವರು ಹೊರಗಾದರು.

1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಗಡಿಯ ಈಚೆ ಉಳಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕಷ್ಟವೂ ಅವರ ಕಷ್ಟವೂ ಒಂದೇ ಎಂದು ನಾನು ಹೇಳುವುದಿಲ್ಲ. ಅವರು ನೆಲವನ್ನೇ ಕಳಕೊಂಡವರು. ಆದರೆ ಬಹುಮತದ ಲೆಕ್ಕದಲ್ಲಿ ಕಾಣದೆ ಹೋಗುವುದೆಂದರೇನು ಎಂಬುದನ್ನು ನಾವು ಬಲ್ಲೆವು. ಹಾಗಾಗಿ ನಮ್ಮ ಪಂಚಾಯತಿನಲ್ಲಿ ಯಾವುದೋ ಪದವಿನ, ಪೊರಂಬೋಕಿನ ಮಾತು ಬಂದಾಗ, ಅಲ್ಲಿ ದನ ಮೇಯಿಸುವವರು ಯಾರು, ಸೊಪ್ಪು ಸೌದೆ ತರುವವರು ಯಾರು, ಅವರನ್ನು ಕೇಳಿದ್ದೀರಾ ಎಂದು ಎದ್ದು ನಿಂತು ಕೇಳುವುದಕ್ಕೆ ಇತರರಿಗಿಂತ ನಮಗೆ ಹೆಚ್ಚಿನ ಕಾರಣವಿದೆ.