ಮುಕ್ತ ಪಾಠವೂ ಪರಿಪ್ರಶ್ನೆಯೂ

ಜ್ಞಾನವನ್ನು ಒಬ್ಬರು ಇನ್ನೊಬ್ಬರ ಕೈಗೆ ಸಿದ್ಧವಸ್ತುವಾಗಿ ಒಪ್ಪಿಸಬಹುದೇ, ಅಥವಾ ಅದು ಹೇಳುವವರ ಮತ್ತು ಕೇಳುವವರ ನಡುವಿನ ಪ್ರಶ್ನೋತ್ತರದಲ್ಲಿಯೇ ಹುಟ್ಟಬೇಕೇ ಎಂಬುದು ತತ್ತ್ವಶಾಸ್ತ್ರದಷ್ಟೇ ಹಳೆಯ ಜಿಜ್ಞಾಸೆ. ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸನು ಬರವಣಿಗೆಯನ್ನು ಆಕ್ಷೇಪಿಸುವುದು ಈ ಕಾರಣಕ್ಕೇ: ಬರೆದಿಟ್ಟ ಮಾತು ಎಷ್ಟು ಸಲ ಕೇಳಿದರೂ ಹೇಳಿದ್ದನ್ನೇ ಹೇಳುತ್ತದೆ, ಯಾರೊಡನೆ ಮಾತನಾಡಬೇಕು, ಯಾರೆದುರು ಸುಮ್ಮನಿರಬೇಕು ಎಂಬ ವಿವೇಕ ಅದಕ್ಕಿಲ್ಲ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯವೂ ಜ್ಞಾನವನ್ನು ಪಡೆಯುವ ಬಗೆಯನ್ನು ವಿವರಿಸುವಾಗ ನಮಸ್ಕಾರ ಮತ್ತು ಸೇವೆಗಳ ಸಾಲಿನಲ್ಲಿ ಪರಿಪ್ರಶ್ನೆಯನ್ನು, ಎಂದರೆ ವಿಷಯವನ್ನು ಎಲ್ಲ ಕಡೆಯಿಂದಲೂ ಕೆದಕಿ ಕೇಳುವುದನ್ನು, ಇರಿಸಿದೆ.

ಎಷ್ಟು ಮಂದಿ ಬೇಕಾದರೂ ಶುಲ್ಕವಿಲ್ಲದೆ ಸೇರಬಹುದಾದ ಬೃಹತ್ ಆನ್‌ಲೈನ್ ಕೋರ್ಸುಗಳು ಈ ಜಿಜ್ಞಾಸೆಯನ್ನು ಮತ್ತೆ ಕೆಣಕಿವೆ. 2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಹೀಗೆ ತೆರೆದಿಟ್ಟಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಕೊನೆಯವರೆಗೆ ಉಳಿದವರು ಅದರ ಸಣ್ಣ ಪಾಲು. ಹಾಗೆಂದು ಈ ವಿದ್ಯಾದಾನವನ್ನು ಹಗುರವಾಗಿ ಕಾಣಲಾಗದು. ಗುರುಮುಖದಿಂದ ಕಲಿಯುವುದರ ಹಿರಿಮೆಯನ್ನು ಹೊಗಳುವವರು ಜಾತಿಯ, ಲಿಂಗದ ಕಾರಣಕ್ಕೆ ಆ ಗುರುವಿನ ಬಾಗಿಲು ಬಹುಪಾಲು ಜನರಿಗೆ ತೆರೆದೇ ಇರಲಿಲ್ಲ ಎಂಬುದನ್ನು ಅನುಕೂಲವಾಗಿ ಮರೆಯುತ್ತಾರೆ. ಏಕಲವ್ಯನಿಗೆ ದೊರೆತದ್ದು ಮಣ್ಣಿನ ಪ್ರತಿಮೆ. ಇಂದಿನ ಕಲಿಕಾರ್ಥಿಗೆ ಮಾತನಾಡುವ ಪ್ರತಿಮೆಯಾದರೂ ದೊರೆತಿದೆ, ಹೆಬ್ಬೆರಳನ್ನೂ ಯಾರೂ ಕೇಳುತ್ತಿಲ್ಲ.

ತೊಡಕು ಇರುವುದು ಬೇರೆ ಕಡೆ. ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ ಅವರ 'ನ್ಯಾಯ' ಎಂಬ ಪ್ರಸಿದ್ಧ ಕೋರ್ಸನ್ನು ಎಡ್‌ಎಕ್ಸ್ ವೇದಿಕೆಯ ಮೂಲಕ ಬಳಸಿಕೊಳ್ಳಬೇಕೆಂಬ ಸೂಚನೆ ಬಂದಾಗ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗವು 2013ರಲ್ಲಿ ಅವರಿಗೇ ಬಹಿರಂಗ ಪತ್ರ ಬರೆದು ಅದನ್ನು ನಿರಾಕರಿಸಿತು. ಸ್ಯಾಂಡೆಲ್ ಅವರ ತರಗತಿಯ ಜೀವಾಳವೆಂದರೆ ವಿದ್ಯಾರ್ಥಿಗಳೊಡನೆ ಅವರು ನಡೆಸುವ ವಾದ. ಆದರೆ ಆ ವಾದದಲ್ಲಿ ಮಾತನಾಡುವವರು ಹಾರ್ವರ್ಡಿನ ವಿದ್ಯಾರ್ಥಿಗಳು, ಸ್ಯಾನ್ ಹೊಸೆಯವರು ಅದನ್ನು ನೋಡಬೇಕಾದವರು. ಪ್ರಶ್ನಿಸುವವರ ವಿಶ್ವವಿದ್ಯಾಲಯ ಮತ್ತು ಪ್ರಶ್ನಿಸುವವರನ್ನು ನೋಡುವವರ ವಿಶ್ವವಿದ್ಯಾಲಯ ಎಂಬ ಎರಡು ವರ್ಗಗಳು, ಅದೂ ನ್ಯಾಯದ ಪಾಠದ ಹೆಸರಿನಲ್ಲಿಯೇ, ಏರ್ಪಡುವುದರಲ್ಲಿನ ವಿಪರ್ಯಾಸ ಸಣ್ಣದಲ್ಲ. ತಮ್ಮ ಉಪನ್ಯಾಸಗಳು ಬೇರೆಡೆಯ ಅಧ್ಯಾಪಕರ ಸ್ಥಾನಕ್ಕೆ ಕುತ್ತು ತರುವುದು ತಮಗೆ ಬೇಡವೆಂದು ಸ್ಯಾಂಡೆಲ್ ಅವರೂ ಉತ್ತರಿಸಿದರು.

ಭಾರತದಲ್ಲಿ 2017ರಿಂದ ನಡೆಯುತ್ತಿರುವ 'ಸ್ವಯಂ' ಸರ್ಕಾರಿ ವೇದಿಕೆಯ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಪೂರೈಸಲು ಯುಜಿಸಿಯ 2021ರ ನಿಯಮಾವಳಿ ಅವಕಾಶ ಕೊಟ್ಟಿರುವುದರಿಂದ ಈ ಪ್ರಶ್ನೆ ಇಲ್ಲಿಯದೂ ಹೌದು. ಕಾಲೇಜಿನಲ್ಲಿ ಬೋಧಿಸಲಾಗದ ವಿಷಯವನ್ನು ಹೀಗೆ ತರಿಸಿಕೊಂಡು, ವಿದ್ಯಾರ್ಥಿಯ ಸಂಶಯಕ್ಕೆ ಕಿವಿಗೊಡುವ ಒಬ್ಬ ಅಧ್ಯಾಪಕರನ್ನು ಜೊತೆಗಿರಿಸುವುದು ಯೋಗ್ಯ. ಅಧ್ಯಾಪಕರ ಹುದ್ದೆಯನ್ನು ಖಾಲಿ ಬಿಡಲು ಅದನ್ನೇ ನೆಪ ಮಾಡಿಕೊಳ್ಳುವ ಆಡಳಿತವನ್ನು ಸ್ಯಾನ್ ಹೊಸೆಯವರಂತೆ ಬಹಿರಂಗವಾಗಿಯೇ ವಿರೋಧಿಸಬೇಕು.