ಇಂದಿನ ಧಮ್ಮ ಚಿಂತನೆ: ಕಲ್ಲಿನ ಮೇಲಿನ ಏಟು

 

ಮಸ್ಕಿ ಅಂದಕೂಡಲೇ ನಮಗೆ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಣ್ಣಿಗೆ ಬಿದ್ದದ್ದು ಅದು. ಆದರೆ 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ನೆಲ ಅಗೆಸಿದಾಗ, ಅಶೋಕನಿಗಿಂತ ಎಷ್ಟೋ ಶತಮಾನ ಹಿಂದಿನ ಕಲ್ಲಿನ ಅಲಗುಗಳು ಸಿಕ್ಕವು. ಲಿಂಗಸುಗೂರಿನಲ್ಲಂತೂ 1842ರಲ್ಲೇ ಡಾ. ಪ್ರಿಮ್‌ರೋಸ್ ಕಲ್ಲಿನ ಚಾಕು, ಬಾಣದ ಮೊನೆಗಳನ್ನು ಗುರುತಿಸಿದ್ದರು. ಪಲ್ಲಾವರಂನಲ್ಲಿ ಬ್ರೂಸ್ ಫೂಟ್‌ಗೆ ಕೈಗೊಡಲಿ ಸಿಕ್ಕಿದ್ದು ಅದಾದ 21 ವರ್ಷಕ್ಕೆ. ಎಲ್ಲರೂ ಫೂಟ್ ಹೆಸರು ಹೇಳುತ್ತಾರೆ, ಲಿಂಗಸುಗೂರನ್ನು ಮರೆಯುತ್ತಾರೆ. ಇರಲಿ.

ಕೃಷ್ಣೆ ದಾಟಿದರೆ ಹುಣಸಗಿ ಬಯಲಿನ ಇಸಾಂಪುರ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಅಗೆದು ತೋರಿಸಿದ್ದು ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಕಾರ್ಖಾನೆ! ಸುಣ್ಣಕಲ್ಲಿನ ಚಪ್ಪಡಿ ಆರಿಸಿ, ಗಟ್ಟಿ ಉಂಡೆಗಲ್ಲಿನಿಂದ ಹೊಡೆದು, ಚಕ್ಕೆ ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದರು. ಎಲ್ಲಿ ಹೊಡೆದರೆ ಎಷ್ಟು ಚಕ್ಕೆ ಏಳುತ್ತದೆ ಎಂಬುದು ಹೊಡೆಯುವ ಮೊದಲೇ ತಲೆಯಲ್ಲಿರಬೇಕು. ಏಟು ತಪ್ಪಿದರೆ ಕಲ್ಲು ಹೋಳು. ಇದೇ ನಮ್ಮ ಸತಿ ಎಂದು ಹೇಳಲಾರೆ, ಅದರ ಬೀಜ ಅನ್ನಬಹುದೇನೋ. ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿತ ವಿದ್ಯೆ ಅದು.

ಸುಮಾರು 5,000 ವರ್ಷ ಹಿಂದೆ ದನ ಸಾಕುವ ಜನರ ಕಾಲ. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅಗೆದದ್ದು ಇಂಥವರ ನೆಲೆಯನ್ನೇ. ಇವರ ಕೊಡಲಿಯೇ ಬೇರೆ: ಕಪ್ಪು ಕಲ್ಲನ್ನು ಒಡೆದು, ಕುಟ್ಟಿ, ಬಂಡೆಗೆ ಉಜ್ಜಿ ಉಜ್ಜಿ ನಯ ಮಾಡಿದ್ದು.

8ನೇ ತರಗತಿಯಲ್ಲಿ ಇದನ್ನು ಹೇಳುವಾಗ ಒಬ್ಬ ಹುಡುಗಿ ಎದ್ದು, "ಸರ್, ಅವ್ರು ಯಾವ ಮಂದಿ?" ಅಂದಳು. ನಮ್ಮ ಕಡೆ ಹಾಗೆಂದರೆ ಏನು ಕೇಳಿದಂತೆ ಎಂದು ನಿಮಗೆ ಗೊತ್ತು. ತರಗತಿ ನಕ್ಕಿತು. ಅವಳ ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಾರೆ. ನಾನಂದೆ: "ಆ ಕಲ್ಲುಗಳ ಮೇಲೆ ಏಟಿನ ಗುರುತೈತಿ, ಜಾತಿ ಗುರುತು ಒಂದರಾಗೂ ಇಲ್ಲವ್ವ. ನಿಮ್ಮಪ್ಪ ಕಲ್ಲಿನ ಎಳೆ ನೋಡಿ ಏಟು ಹಾಕ್ತಾರಲ್ಲ, ಆ ವಿದ್ಯೆ ಅಕ್ಷರಕ್ಕಿಂತ ಹಳೇದು."

ಅಗ್ಗಞ್ಞ ಸುತ್ತದಲ್ಲಿ ಭಗವಾನರು ವಾಸೆಟ್ಠನಿಗೆ ಹೇಳಿದ್ದು ಇದಕ್ಕೆ ಹತ್ತಿರವೇ ಇದೆ: ವರ್ಣಗಳು ಬ್ರಹ್ಮನ ಬಾಯಿಂದ ಬಂದವಲ್ಲ, ಜನ ಹಿಡಿದ ಕೆಲಸಗಳಿಂದ ಬಂದ ಹೆಸರುಗಳು. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಒಡೆದು ಮೇಲೆ ಕೆಳಗೆ ಕೂರಿಸುತ್ತದೆ ಎಂದು ಬಾಬಾಸಾಹೇಬರು 1936ರಲ್ಲಿ ತೋರಿಸಿದರು. ಮಸ್ಕಿಯ ಬಂಡೆಯೂ ಧಮ್ಮ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರೂ ಮುಟ್ಟಬಲ್ಲರು ಎನ್ನುತ್ತದೆ.

ಮಸ್ಕಿಗೆ ಹೋಗುವವರು ಶಾಸನ ನೋಡಿದ ಮೇಲೆ ಗುಡ್ಡದ ಬುಡವನ್ನೂ ನೋಡಿ ಬನ್ನಿ. ಮಕ್ಕಳನ್ನು ಕರೆದೊಯ್ಯಿರಿ. ಅಲಗಿನಂಥ ಕಲ್ಲು ಕಂಡರೆ ಮನೆಗೆ ತರಬೇಡಿ, ಫೋಟೋ ತೆಗೆದು ಅಲ್ಲೇ ಬಿಡಿ.

ಜೈಭೀಮ್ 🙏